ಲಲಿತಮಹಲಿನ ಆತಿಥ್ಯ

ಅರಮನೆಯನ್ನು ಹೊರಗಿನಿಂದ ನೋಡಿ ಬರುವುದು ಬೇರೆ. ಅದರೊಳಗೆ ಅತಿಥಿಗಳಾಗಿ ತಂಗುವುದು ಬೇರೆ. ಮೈಸೂರಿನ ಲಲಿತಮಹಲ್ ಅರಮನೆಯು ಈ ಎರಡನೆಯ ಅನುಭವವನ್ನು ಗೃಹಸ್ಥರಿಗೂ ಒದಗಿಸಿಕೊಟ್ಟ ಸ್ಥಳ. ಕೆಲವು ವರ್ಷಗಳ ಹಿಂದೆ ಮಧುಗಿರಿಯಿಂದ ಕುಟುಂಬ ಸಮೇತರಾಗಿ ಹೊರಟ ನಾವು ಅಲ್ಲಿ ಎರಡು ರಾತ್ರಿ ತಂಗಿದ್ದೆವು.

ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಈ ಸೌಧಕ್ಕೆ ಅಡಿಗಲ್ಲಿಟ್ಟರು. ವೈಸರಾಯರ ವಾಸ್ತವ್ಯಕ್ಕೆಂದು ಊರ ಗದ್ದಲದಿಂದ ದೂರವಾಗಿ, ಚಾಮುಂಡಿ ಬೆಟ್ಟದ ಸಮೀಪದ ಬಯಲಿನಲ್ಲಿ ಇದು ತಲೆಯೆತ್ತಿತು. ಇದರ ನಕ್ಷೆ ಬರೆದವರು ಇ. ಡಬ್ಲ್ಯೂ. ಫ್ರಿಚ್ಲಿ. ನಡುವಣ ಗುಮ್ಮಟವು ಲಂಡನ್ನಿನ ಸಂತ ಪಾಲರ ಕೆಥೆಡ್ರಲನ್ನು ನೆನಪಿಗೆ ತರುತ್ತದೆ. ರಾಜಾಡಳಿತ ಮುಗಿದ ಮೇಲೆ, 1974ರಲ್ಲಿ ಅರಮನೆಯು ಹೋಟೆಲಾಯಿತು. ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮವು ಬಹುಕಾಲ ನಡೆಸಿದ ಈ ಹೋಟೆಲು 2018ರಲ್ಲಿ ರಾಜ್ಯ ಸರ್ಕಾರದ ಕೈಗೆ ಬಂದಿತು.

ಅಮೃತಶಿಲೆಯ ಮೆಟ್ಟಿಲುಗಳನ್ನು ಹತ್ತುವಾಗ ಮಕ್ಕಳ ದನಿ ತಾನಾಗಿ ತಗ್ಗಿತು. ವೃದ್ಧರಾದ ನಮ್ಮ ಅತ್ತೆಯವರು ಹಳೆಯ ಕಾಲದ ಲಿಫ್ಟಿನಲ್ಲಿ ನಿಧಾನವಾಗಿ ಮೇಲೇರಿದರು. ಒಂದು ಕಾಲದಲ್ಲಿ ದೊರೆಗಳ ನೃತ್ಯಕೂಟಕ್ಕೆಂದಿದ್ದ ವಿಶಾಲ ಸಭಾಂಗಣವೇ ಈಗ ಭೋಜನಶಾಲೆ. ಬೆಳಗಿನ ಲಿಂಗಪೂಜೆಗೆ ತಕ್ಕ ಸ್ಥಳ ಸಿಕ್ಕೀತೇ ಎಂಬ ಅತ್ತೆಯವರ ಚಿಂತೆಗೆ ಕಿಟಕಿಯ ಬದಿಯ ಶಾಂತವಾದ ಮೂಲೆಯೇ ಉತ್ತರವಾಯಿತು. ಪೂಜೆ ಮುಗಿಸಿ ಎದ್ದವರು ಗೋಡೆಯನ್ನು ಮುಟ್ಟಿ ನೋಡಿ, “ಜನ ಓಡಾಡುವ ಮನೆ, ಅದಕ್ಕೇ ಗಟ್ಟಿಯಾಗಿದೆ” ಎಂದರು.

ಆ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಮೈಸೂರಿಗೆ ಬರುವ ದಾರಿಯಲ್ಲಿ ಶ್ರೀರಂಗಪಟ್ಟಣದ ಗಂಜಾಮನ್ನು ನೋಡಿಕೊಂಡೇ ಬಂದಿದ್ದೆವು. ಆ ಗಂಜಾಮಿಗೂ ನಮ್ಮ ಶಿರಾಕ್ಕೂ ನಂಟುಂಟು. 1687ರಲ್ಲಿ ಮೊಗಲರ ವಶವಾದ ಶಿರಾ ಒಂದು ಪ್ರಾಂತದ ರಾಜಧಾನಿಯಾಗಿ ಬೆಳೆಯಿತು. ಅಲ್ಲಿ ದಿಲಾವರ್ ಖಾನನು ಕಟ್ಟಿಸಿದ ಅರಮನೆಯೇ ಬೆಂಗಳೂರು, ಶ್ರೀರಂಗಪಟ್ಟಣಗಳ ಅರಮನೆಗಳಿಗೆ ಮಾದರಿಯಾಯಿತೆಂದು ಲೂಯಿ ರೈಸರ ಗೆಜೆಟಿಯರು ಹೇಳುತ್ತದೆ. ಮುಂದೆ ಟಿಪ್ಪುವಿನ ಕಾಲದಲ್ಲಿ ಶಿರಾದ 12,000 ಕುಟುಂಬಗಳನ್ನು ಎಬ್ಬಿಸಿ ಗಂಜಾಮಿನಲ್ಲಿ ನೆಲೆಗೊಳಿಸಲಾಯಿತೆಂದೂ ಅದರಲ್ಲಿಯೇ ಇದೆ. ಜನ ಹೋದರು, ಊರಿನ ವೈಭವವೂ ಅವರ ಹಿಂದೆಯೇ ಹೋಯಿತು. ಮಾದರಿಯಾದ ಅರಮನೆ ಅಳಿಯಿತು. ಅತಿಥಿಗಳಿಗೆ ಬಾಗಿಲು ತೆರೆದ ಅರಮನೆ ಉಳಿಯಿತು.

ಈ ವಿಚಾರ ಅರಸರ ಸೌಧಗಳಿಗೆ ಮಾತ್ರ ಸೀಮಿತವಲ್ಲ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡ ಸೀಮೆಯ ಹಳ್ಳಿಗಳಲ್ಲಿ ನಮ್ಮ ಹಿರಿಯರು ಕಟ್ಟಿದ ತೊಟ್ಟಿಮನೆ, ಮಾಳಿಗೆಮನೆಗಳ ಗತಿಯೇನು? ಮಕ್ಕಳು ಬೆಂಗಳೂರು ಸೇರಿದ್ದಾರೆ. ಬೀಗ ಹಾಕಿದ ಮನೆಗೆ ಮೊದಲು ಗೆದ್ದಲು, ಆಮೇಲೆ ಮರದ ವ್ಯಾಪಾರಿ. ಕೆತ್ತನೆಯ ಕಂಬ, ಬಾಗಿಲುಗಳು ಪಟ್ಟಣದವರ ಬಂಗಲೆಗಳಿಗೆ ಅಲಂಕಾರವಾಗಿ ಹೋಗುತ್ತವೆ.

ನಮ್ಮ ಮನೆತನದ ತೊಟ್ಟಿಮನೆಯನ್ನೂ ಬಿಚ್ಚಿ ಮಾರುವ ಮಾತು ಆಗ ನಡೆದಿತ್ತು. ಉಳಿಸಿಕೊಳ್ಳೋಣವೆಂದಾಗ ಅಣ್ಣನವರು, “ಇರುವವರೇ ಇಲ್ಲದ ಮನೆಗೆ ಹೆಂಚು ಹೊದಿಸಿ ಏನು ಫಲ?” ಎಂದರು. ಅವರ ಮಾತಿನಲ್ಲಿಯೂ ನ್ಯಾಯವಿತ್ತು. ದುರಸ್ತಿಗೆ ಹಣ ಬೇಕು, ನೋಡಿಕೊಳ್ಳಲು ಜನ ಬೇಕು. ಪ್ರತಿಯೊಂದು ಹಳೆಯ ಮನೆಯೂ ಲಲಿತಮಹಲಾಗಲಾರದು. ಕೊನೆಗೆ ಎಲ್ಲರೂ ಸೇರಿ ಮಾಡು ರಿಪೇರಿ ಮಾಡಿಸಿ, ಊರಿನ ಶಾಲೆಯ ಉಪಾಧ್ಯಾಯರೊಬ್ಬರ ಕುಟುಂಬಕ್ಕೆ ಮನೆಯನ್ನು ಬಿಟ್ಟುಕೊಟ್ಟೆವು. ಬಾಡಿಗೆ ಅಲ್ಪ, ಆದರೆ ಸಂಜೆ ದೀಪ ಬೆಳಗುತ್ತದೆ, ಅಂಗಳ ಸಾರಣೆ ಕಾಣುತ್ತದೆ.

ಮಧುಗಿರಿಯ ಏಕಶಿಲಾ ಬೆಟ್ಟವನ್ನೇರಲು, ಸಿದ್ಧರಬೆಟ್ಟದ ದರ್ಶನಕ್ಕೆ, ಮೈದನಹಳ್ಳಿಯ ಕೃಷ್ಣಮೃಗಗಳನ್ನು ಕಾಣಲು ದೂರದಿಂದ ಜನರು ಬರುತ್ತಾರೆ. ಅನುಕೂಲವುಳ್ಳ ಕುಟುಂಬಗಳು ತಮ್ಮ ಹಳೆಯ ಮನೆಯ ಎರಡು ಕೋಣೆಗಳನ್ನು ಶುಚಿಗೊಳಿಸಿ, ರಾಗಿಮುದ್ದೆಯ ಊಟದೊಡನೆ ಅತಿಥಿಗಳಿಗೆ ತೆರೆಯಬಹುದು. ಬಂದವರನ್ನು ಉಣ್ಣಿಸಿ ಕಳುಹಿಸುವುದು ನಮ್ಮ ಮನೆಗಳಿಗೆ ಹೊಸತೇನಲ್ಲ. ಮನೆಯನ್ನು ಬಿಚ್ಚುವ ಮುನ್ನ ಅಣ್ಣತಮ್ಮಂದಿರು ಒಮ್ಮೆ ಅದರ ಜಗಲಿಯ ಮೇಲೆಯೇ ಕುಳಿತು, ಇಲ್ಲಿ ಯಾರು ಇರಬಹುದು ಎಂದು ಯೋಚಿಸಲಿ.