'ನಂಗೆ ಓದಿ ಕಲಿಯೋ ತಲೆ ಇಲ್ವಂತೆ!'

ಈಗ ಕಾರ್ಖಾನೆ, ಆಫೀಸು, ಬ್ಯಾಂಕು ಎಲ್ಲೇ ತರಬೇತಿ ನಡೆದರೂ ಮೊದಲ ದಿನವೇ ಒಂದು ಪ್ರಶ್ನಾವಳಿ ಕೈಗೆ ಬರುತ್ತದೆ. ಜನರ ಜತೆ ಬೆರೆಯೋದು ಇಷ್ಟವೋ, ಒಬ್ಬರೇ ಇರೋದು ಇಷ್ಟವೋ? ಹೀಗೆ ಗುರುತು ಹಾಕುತ್ತಾ ಹೋದರೆ, ನೀವು ಇಂಥ ಸ್ವಭಾವದವರು, ಇಂಥ ರೀತಿಯಲ್ಲೇ ಕಲಿಯುವವರು ಅಂತ ಫಲ ಹೇಳುತ್ತಾರೆ. ಟೀ ಕುಡಿಯುತ್ತಾ ನಗಾಡೋಕೆ ಚೆನ್ನಾಗಿರುತ್ತದೆ. ಆದರೆ ಅದನ್ನೇ ನೋಡಿ ಒಬ್ಬರ ಬಡ್ತಿ ತೀರ್ಮಾನ ಮಾಡಿದರೆ?

ರಾಮನಗರದ ಹತ್ತಿರ ನಾನು ಕೆಲಸ ಮಾಡುವ ಗಾರ್ಮೆಂಟ್ಸ್‌ನಲ್ಲಿ ಆದದ್ದು ಇದೇ. ಟೈಲರ್‌ಗಳಲ್ಲಿ ಕೆಲವರನ್ನು ಸೂಪರ್‌ವೈಸರ್ ಮಾಡಲು ಎರಡು ದಿನ ತರಬೇತಿ ಇಟ್ಟಿದ್ದರು. ನಮ್ಮ ಜತೆ ಮಾಗಡಿ ಕಡೆಯ ಹುಡುಗಿಯೊಬ್ಬಳಿದ್ದಾಳೆ. ಮಾತು ಕಡಿಮೆ. ಮಷಿನ್ ಸದ್ದು ಕೇಳಿಯೇ ಸೂಜಿ ಮೊಂಡಾಗಿದೆ ಅನ್ನುವಷ್ಟು ಚುರುಕು. ಅವಳಿಗೆ ಬಂದ ಫಲ: 'ಅಂತರ್ಮುಖಿ, ಕೈಯಿಂದ ಮಾಡಿ ಕಲಿಯುವವಳು.' ಮುಂದಿನ ವಾರ ಕಂಪ್ಯೂಟರ್‌ನಲ್ಲಿ ಉತ್ಪಾದನೆಯ ಲೆಕ್ಕ ಬರೆಯುವುದನ್ನು ಕಲಿಸುವವರ ಪಟ್ಟಿ ಬಂತು. ಅವಳ ಹೆಸರಿರಲಿಲ್ಲ.

"ಅಕ್ಕಾ, ನಂಗೆ ಓದಿ ಕಲಿಯೋ ತಲೆ ಇಲ್ವಂತೆ. ನಿಜಾನಾ?" ಅಂತ ಕೇಳಿದಳು. ಎಸ್ಸೆಸ್ಸೆಲ್ಸಿ ಪಾಸಾಗಿ ಮನೆಯ ಕಷ್ಟಕ್ಕೆ ಓದು ಬಿಟ್ಟವಳು. ಆ ಪ್ರಶ್ನೆ ನನ್ನನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಈ ಪರೀಕ್ಷೆಗಳ ಬಗ್ಗೆ ಹುಡುಕಿ ಓದಿದೆ.

ಇವುಗಳಲ್ಲಿ ಹೆಚ್ಚು ಹೆಸರಾದದ್ದು ಮೈಯರ್ಸ್-ಬ್ರಿಗ್ಸ್ ಪರೀಕ್ಷೆ. ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ವಿಚಾರಗಳ ಮೇಲೆ ಅಮೆರಿಕದ ತಾಯಿ-ಮಗಳು ಸೇರಿ ಕಟ್ಟಿದ್ದು. ಇಬ್ಬರೂ ಮನಃಶಾಸ್ತ್ರದಲ್ಲಿ ಪದವಿ ಪಡೆದವರಲ್ಲ. ಲೋಕದ ಜನರನ್ನೆಲ್ಲ 16 ಗುಂಪು ಮಾಡಿಟ್ಟರು. ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಬರೆದರೆ ಅನೇಕರ ಗುಂಪೇ ಬದಲಾಗುತ್ತದೆ. ಕೆಲಸಕ್ಕೆ ಜನರನ್ನು ಆರಿಸಲು ಇದನ್ನು ಬಳಸಬೇಡಿ ಅಂತ ಅದನ್ನು ಮಾರುವ ಸಂಸ್ಥೆಯೇ ಹೇಳುತ್ತದೆ!

'ಆದ್ರೆ ನನ್ ಬಗ್ಗೆ ಸರಿಯಾಗೇ ಬಂದಿತ್ತಲ್ಲ' ಅನ್ನುವವರಿದ್ದಾರೆ. 1948ರಲ್ಲಿ ಅಮೆರಿಕದ ಮನಃಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ ವಿದ್ಯಾರ್ಥಿಗಳಿಗೆ ಪರೀಕ್ಷೆ ಕೊಟ್ಟು, ನಿಮ್ಮ ನಿಮ್ಮ ಸ್ವಭಾವ ಹೀಗಿದೆ ಅಂತ ಒಂದೊಂದು ಹಾಳೆ ಹಂಚಿದರು. ಎಷ್ಟು ಸರಿಯಿದೆ ಅಂದರೆ, 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು ಹುಡುಗರು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಬರಹ, ಅದೂ ಜ್ಯೋತಿಷ್ಯದ ಪುಸ್ತಕದಿಂದ ಆಯ್ದದ್ದು! ವಾರಭವಿಷ್ಯ ಓದಿ ನಾವು 'ಹೌದಲ್ವಾ' ಅನ್ನುವುದಿಲ್ಲವೇ, ಹಾಗೇ.

ಇನ್ನು 'ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮಾಡಿ ಕಲಿಯುವವರು' ಎಂಬ ವಿಂಗಡಣೆ. 2008ರಲ್ಲಿ ಹೆರಾಲ್ಡ್ ಪ್ಯಾಶ್ಲರ್ ಮತ್ತು ಮೂವರು ಮನಃಶಾಸ್ತ್ರಜ್ಞರು ಈ ಬಗೆಗಿನ ಅಧ್ಯಯನಗಳನ್ನು ಪರಿಶೀಲಿಸಿದರು. ಅವರವರ ಬಗೆಗೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಎನ್ನಲು ಸಾಕಷ್ಟು ಆಧಾರವಿಲ್ಲ ಅಂತ ಹೇಳಿದರು. ಒಬ್ಬೊಬ್ಬರಿಗೆ ಒಂದೊಂದು ರೀತಿ ಇಷ್ಟವಿರಬಹುದು. ಇಷ್ಟವಾದದ್ದರಿಂದ ಕಲಿಕೆ ಜಾಸ್ತಿಯಾಗುತ್ತದೆ ಅಂತಲ್ಲ.

ನಮ್ಮ ಚನ್ನಪಟ್ಟಣದ ಗೊಂಬೆ ಮಾಡುವವರನ್ನೇ ನೋಡಿ. ತಿರುಗುವ ಹಾಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ಕೇದಗೆ ಎಲೆಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಎಷ್ಟು ಒತ್ತಬೇಕು ಅಂತ ಕೈಗೆ ಗೊತ್ತಾಗಬೇಕು, ಬಣ್ಣ ಸಮವಾಗಿ ಕೂತಿದೆಯಾ ಅಂತ ಕಣ್ಣು ನೋಡಬೇಕು, ಹಿರಿಯರು ಹೇಳಿದ್ದನ್ನು ಕಿವಿ ಕೇಳಬೇಕು. 'ನಾನು ಕೇಳಿ ಕಲಿಯುವವನು' ಅಂತ ಕೂತರೆ ಗೊಂಬೆ ಆಗುತ್ತದೆಯೇ? ಹೇಗೆ ಕಲಿಯಬೇಕು ಅನ್ನುವುದನ್ನು ಹೇಳುವುದು ಕೆಲಸ, ನಮ್ಮ ಜಾತಕವಲ್ಲ.

ಇದನ್ನೆಲ್ಲ ಅವಳಿಗೆ ಹೇಳಿದೆ. ಕಂಪ್ಯೂಟರ್ ಕಲಿತು ಬಂದ ಇನ್ನೊಬ್ಬಳು ಊಟದ ಬಿಡುವಿನಲ್ಲಿ ಇವಳಿಗೆ ಹೇಳಿಕೊಡಲು ಒಪ್ಪಿದಳು. ಕಾಗದದ ಮೇಲೆ ಕೋಷ್ಟಕ ಹಾಕಿ, ಮೊಬೈಲ್‌ನಲ್ಲಿ ತುಂಬಿ, ತಪ್ಪಿ, ಅಳಿಸಿ, ಮತ್ತೆ ಬರೆದು ಒಂದು ತಿಂಗಳಲ್ಲಿ ಕಲಿತಳು. ಈಗ ತನ್ನ ಲೈನಿನ ಗಂಟೆ ಗಂಟೆಯ ಲೆಕ್ಕ ಅವಳೇ ಬರೆಯುತ್ತಾಳೆ. ಸೂಪರ್‌ವೈಸರ್ ಪಟ್ಟಿಯಲ್ಲಿ ಮಾತ್ರ ಅವಳ ಹೆಸರು ಇನ್ನೂ ಬಂದಿಲ್ಲ.

ತರಬೇತಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಯಾರಿಗೆ ಏನು ಬರುತ್ತದೆ ಅಂತ ತಿಳಿಯಬೇಕಾದರೆ ಹದಿನೈದು ದಿನ ಆ ಕೆಲಸ ಕೊಟ್ಟು, ಹೇಳಿಕೊಟ್ಟು ನೋಡಲಿ. ನಿಮ್ಮ ಮನೆಯವರೋ ಮಕ್ಕಳೋ ಇಂಥ ಫಲ ಹಿಡಿದು ಸಪ್ಪೆ ಮುಖ ಮಾಡಿಕೊಂಡು ಬಂದರೆ, ಆ ಹಾಳೆಯನ್ನು ವಾರಭವಿಷ್ಯದ ಪಕ್ಕದಲ್ಲಿಡಿ. ಕಲಿಯಬೇಕಾದ್ದನ್ನು ಕಲಿಯಲು ಹೇಳಿ.