ಲೆಕ್ಕದ ಯಂತ್ರವೂ ನನ್ನ ತಂಗಿಯೂ

ಕಲಾವಿಭಾಗದ ವಿದ್ಯಾರ್ಥಿ ಗಣಿತದ ವಿಚಾರವಾಗಿ ಬರೆಯಹೊರಟರೆ ಓದುವವರಿಗೆ ನಗು ಬರುವುದು ಸಹಜ. ನನ್ನ ಗೆಳೆಯರು ಶೀರ್ಷಿಕೆಯನ್ನು ಕೇಳಿಯೇ ನಕ್ಕರು. ಆದರೆ ಅವರೂ ನಾನೂ ಒಂದೇ ಗಾಣದ ಎತ್ತುಗಳು. ನಮ್ಮ ಬಿ.ಎ. ತರಗತಿಯಲ್ಲಿ ಇತಿಹಾಸವನ್ನು ಮೆಚ್ಚಿ ಬಂದವರಿಗಿಂತ ಲೆಕ್ಕಕ್ಕೆ ಹೆದರಿ ಬಂದವರೇ ಹೆಚ್ಚೆಂಬುದು ಅಧ್ಯಾಪಕರಿಗೆ ತಿಳಿಯದ ಗುಟ್ಟೇನೂ ಅಲ್ಲ.

ನಾನು ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕುಳಿತುದು 2021ರಲ್ಲಿ. ಕೊರೋನಾದ ಕಾರಣ ಆ ವರ್ಷ ಪರೀಕ್ಷೆಯನ್ನು ಎರಡೇ ದಿನಕ್ಕೆ ಇಳಿಸಿದ್ದರು. ಜುಲೈ 19ರಂದು ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಮೂರೂ ಒಂದೇ ಬೆಳಗಿಗೆ ಮುಗಿದುವು. ಲೆಕ್ಕವನ್ನು ಮಾಡಿ ತೋರಿಸಬೇಕಾಗಿರಲಿಲ್ಲ. ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ಅದರ ಸೊನ್ನೆಯನ್ನು ಪೆನ್ನಿನಿಂದ ತುಂಬಿದರಾಯಿತು. ಬಹುಮಟ್ಟಿಗೆ ಎಲ್ಲರೂ ತೇರ್ಗಡೆಯಾದೆವು. ಹಾಗೆ ಸೊನ್ನೆಗಳನ್ನು ತುಂಬುತ್ತ ಗಣಿತವೆಂಬ ಹೊಳೆಯನ್ನು ದಾಟಿ ಈ ದಡಕ್ಕೆ ಬಂದವನು ನಾನು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನೂ ನಾನೇ ಮೊದಲು. ಅಪ್ಪ ಓದಿದುದು ನಾಲ್ಕನೆಯ ತರಗತಿ. ಅವ್ವ ಶಾಲೆಯ ಕಡೆ ತಲೆ ಹಾಕಿದವಳಲ್ಲ. ಆದರೂ ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ, ನಲವತ್ತು ಗುಂಟೆಗೆ ಒಂದು ಎಕರೆ ಎಂಬ ಲೆಕ್ಕದಲ್ಲಿ ಅಪ್ಪನನ್ನು ಯಾರೂ ಮೋಸಗೊಳಿಸಲಾರರು. ಅವ್ವ ಸಂತೆಯಲ್ಲಿ ಸೊಪ್ಪು ಮಾರಿ ಬಂದು, ಬಂಡವಾಳವೆಷ್ಟು, ಉಳಿದುದೆಷ್ಟು ಎಂದು ಸೆರಗಿನ ಗಂಟು ಬಿಚ್ಚುವ ಮೊದಲೇ ಹೇಳುತ್ತಾಳೆ. ಎಷ್ಟಾದರೂ ನಮ್ಮದು ತೂಕದ ಸೂಕ್ಷ್ಮ ಬಲ್ಲ ಸೀಮೆ! ಕಾವೇರಿ ಕಪಿಲೆಯರು ಕೂಡುವಲ್ಲಿ ನೆಲಸಿರುವ ನರಸಿಂಹಸ್ವಾಮಿಗೆ ಗುಂಜಾ ನರಸಿಂಹನೆಂದೇ ಹೆಸರು. ಕಾಶಿಗಿಂತ ನಮ್ಮ ಕ್ಷೇತ್ರದ ಪುಣ್ಯ ಒಂದು ಗುಲಗಂಜಿಯಷ್ಟು ಹೆಚ್ಚು ತೂಗಿತೆಂದು ಹಿರಿಯರು ಹೇಳುತ್ತಾರೆ. ಪುಣ್ಯವನ್ನೂ ಗುಲಗಂಜಿಯ ಮಟ್ಟಕ್ಕೆ ತೂಗಿದ ಊರಿನಲ್ಲಿ ಮಕ್ಕಳಿಗೆ ವ್ಯವಕಲನ ಬಾರದೆ ಹೋದುದು ಹೇಗೆ?

ನನ್ನ ತಂಗಿಯ ಮಟ್ಟಿಗೆ ಇದಕ್ಕೆ ಉತ್ತರ ಸುಲಭವಾಗಿಯೇ ಇದೆ. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಅವಳು ಎರಡನೆಯ ತರಗತಿಯಲ್ಲಿದ್ದಳು. ಮುಂದೆ ಕೆಲವು ವಾರ ‘ವಿದ್ಯಾಗಮ’ವೆಂದು ಉಪಾಧ್ಯಾಯರು ಗುಡಿಯ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡರು, ಅದೂ ಅದೇ ವರ್ಷದ ಅಕ್ಟೋಬರಿನಲ್ಲಿ ನಿಂತಿತು. ಸಣ್ಣ ಮಕ್ಕಳ ತರಗತಿಗಳು ಮತ್ತೆ ತೆರೆದುದು 2021ರ ಅಕ್ಟೋಬರಿನಲ್ಲಿ. ಅಷ್ಟರಲ್ಲಿ ಇವಳು ನಾಲ್ಕಕ್ಕೆ ಬಂದಿದ್ದಳು. ಮೂರನೆಯ ತರಗತಿಯೆಂಬುದು ಅವಳ ಬಾಳಿನಲ್ಲಿ ನಡೆಯಲೇ ಇಲ್ಲ. ದಶಕ ತೆಗೆದುಕೊಂಡು ಕಳೆಯುವುದನ್ನು ಕಲಿಸುವುದು ಆ ವಯಸ್ಸಿನಲ್ಲಿಯೇ. 2022ರಲ್ಲಿ ‘ಕಲಿಕಾ ಚೇತರಿಕೆ’ ಬಂದಿತು, ಹಾಳೆಗಳನ್ನು ತುಂಬಿದಳು, ಚೇತರಿಸಿಕೊಂಡಳೆಂದು ಎಲ್ಲರೂ ತಿಳಿದೆವು. ಈಗ ಅವಳು ಎಂಟನೆಯ ತರಗತಿ. ಪುಸ್ತಕದಲ್ಲಿ ಬೀಜಗಣಿತವಿದೆ.

ಕಳೆದ ಜುಲೈ ತಿಂಗಳಲ್ಲಿ ಅವಳ ಶಾಲೆಯ ಗಣಕಯಂತ್ರದ ಕೋಣೆಯಲ್ಲಿ ಹೊಸದೊಂದು ಗಣಿತದ ತಂತ್ರಾಂಶವನ್ನು ತಂದರು. ಹನ್ನೆರಡು ಯಂತ್ರಗಳಲ್ಲಿ ಎಂಟು ನಡೆಯುತ್ತಿದ್ದುವು, ಮಕ್ಕಳು ನಲವತ್ತು. ಗಣಿತದ ಮೇಡಂ ಒಬ್ಬರೇ ಎಲ್ಲ ಕಡೆಗೂ ಓಡಲಾರದೆ, ಕಾಲೇಜು ಹುಡುಗರು ಯಾರಾದರೂ ಬಂದು ನೆರವಾಗುವಿರಾ ಎಂದು ಕೇಳಿಸಿದರು. ಮಂಗಳವಾರ, ಶುಕ್ರವಾರ ಮಧ್ಯಾಹ್ನ ನಮಗೆ ತರಗತಿಗಳಿಲ್ಲ. ಮುಂದೆ ಬಿ.ಎಡ್. ಮಾಡಬೇಕೆಂಬ ಆಸೆಯೂ ಇದ್ದಿತು. ಹೊರಟೆ.

ಈ ತಂತ್ರಾಂಶದ ವಿಶೇಷವೆಂದರೆ ಅದು ಪ್ರತಿಯೊಬ್ಬರಿಗೂ ಬೇರೆ ಬೇರೆ ಲೆಕ್ಕ ಕೊಡುತ್ತದೆ. ಸರಿಯಾಗಿ ಮಾಡಿದರೆ ಮುಂದಿನದು ಕಠಿಣ, ತಪ್ಪಿದರೆ ಸುಲಭ. ಹಾಗೆ ಏರಿಸಿ ಇಳಿಸಿ, ನಾಡಿ ಹಿಡಿದ ಪಂಡಿತನಂತೆ, ಇವನಿಗೆ ಎಲ್ಲಿಯವರೆಗೆ ಬರುತ್ತದೆ, ಎಲ್ಲಿಂದ ಬಾರದು ಎಂದು ಕಂಡುಕೊಂಡು ಅಲ್ಲಿಂದ ಪಾಠವನ್ನು ಆರಂಭಿಸುತ್ತದೆ. ತಪ್ಪಿನ ಜಾತಿಯನ್ನೂ ನೋಡುತ್ತದೆ. ನನ್ನ ತಂಗಿ 52ರಲ್ಲಿ 38 ಕಳೆದು 26 ಎಂದು ಬರೆದಳು. ಎರಡರಲ್ಲಿ ಎಂಟು ಹೋಗದಲ್ಲ, ಆದ್ದರಿಂದ ಎಂಟರಲ್ಲಿ ಎರಡು ಕಳೆದುಬಿಟ್ಟಳು. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕೆಂದು ಯಾರೋ ಹೇಳಿದ್ದು ಅವಳಿಗೆ ನೆನಪಿತ್ತು. 71ರಲ್ಲಿ 45 ಕಳೆದು 34 ಎಂದಳು. ಅದೇ ದಾರಿ. ಇದು ಅಜಾಗ್ರತೆಯಲ್ಲ, ಒಂದು ನಿಯಮವನ್ನು ನಿಷ್ಠೆಯಿಂದ ಪಾಲಿಸಿದ ಫಲ. ಐದು ವರ್ಷ ಅವಳ ಪುಸ್ತಕಕ್ಕೆ ಕೆಂಪು ಗೀಟು ಬೀಳುತ್ತಿತ್ತೇ ಹೊರತು, ಆ ನಿಯಮ ಯಾವುದೆಂದು ಕೇಳಿದವರಿರಲಿಲ್ಲ. ಯಂತ್ರ ಹತ್ತು ನಿಮಿಷದಲ್ಲಿ ಕೇಳಿತು.

ಕೇಳಿ, ಪರದೆಯ ಮೂಲೆಯಲ್ಲಿ ‘ನಿನ್ನ ಹಂತ: 3’ ಎಂದು ತೋರಿಸಿತು. ಪಕ್ಕದ ಹುಡುಗ ನೋಡಿದ. “ಮೂರ್ನೇ ಕ್ಲಾಸು, ಮೂರ್ನೇ ಕ್ಲಾಸು” ಎಂದು ಕೂಗಿದ. ಅವನ ಹಂತವೇನೂ ನಾಲ್ಕನ್ನು ದಾಟಿರಲಿಲ್ಲ. ಆ ಸಂಜೆ ಅವಳು ಮನೆಯಲ್ಲಿ ಊಟ ಮಾಡಲಿಲ್ಲ. “ನಾನಿನ್ನು ಆ ರೂಮಿಗೆ ಹೋಗಲ್ಲ ಕಣಣ್ಣ” ಎಂದಳು. ಎಂಟನೆಯ ತರಗತಿಗೆ ಶಾಲೆ ಬಿಟ್ಟ ಹುಡುಗಿಯರು ನಮ್ಮ ಬೀದಿಯಲ್ಲಿಯೇ ಇಬ್ಬರಿದ್ದಾರೆ. ಅವಳ ಮಾತು ನನಗೆ ಹಗುರವಾಗಿ ಕೇಳಲಿಲ್ಲ.

ಮರುವಾರ ಮೇಡಂ ಮಾಡಿದ ಉಪಾಯ ಯಾವ ತಂತ್ರಾಂಶದಲ್ಲಿಯೂ ಇಲ್ಲದ್ದು. ಹಳೆಯ ಕ್ಯಾಲೆಂಡರಿನ ರಟ್ಟನ್ನು ಚೂರು ಚೂರಾಗಿ ಕತ್ತರಿಸಿ, ಎಂಟು ಪರದೆಗಳ ಆ ಮೂಲೆಗೂ ಅಂಟಿಸಿಬಿಟ್ಟರು. ಹಂತದ ಅಂಕಿ ಯಂತ್ರಕ್ಕೆ ಗೊತ್ತು, ಮೇಡಂಗೆ ಗೊತ್ತು, ಬೇರೆಯವರಿಗೆ ಕಾಣದು. ತಂಗಿ ಮತ್ತೆ ಬಂದು ಕುಳಿತಳು.

ಪಾಠ ಹೇಳುವ ಯಂತ್ರದ ಆಸೆ ಇಂದಿನದಲ್ಲವೆಂದು ಆಮೇಲೆ ಓದಿ ತಿಳಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1953ರಲ್ಲಿ ತಮ್ಮ ಮಗಳ ನಾಲ್ಕನೆಯ ತರಗತಿಯ ಗಣಿತದ ಪಾಠವನ್ನು ನೋಡಲು ಹೋಗಿದ್ದರಂತೆ. ಲೆಕ್ಕ ಸರಿಯೋ ತಪ್ಪೋ ಎಂದು ಮಕ್ಕಳಿಗೆ ಆಗಲೇ ತಿಳಿಯುತ್ತಿಲ್ಲ, ಎಲ್ಲರೂ ಒಂದೇ ವೇಗದಲ್ಲಿ ನಡೆಯಬೇಕಾಗಿದೆ ಎಂಬುದನ್ನು ಕಂಡು ಮನಸ್ಸು ತಡೆಯದೆ, ಸ್ವಲ್ಪ ದಿನಗಳಲ್ಲಿಯೇ ಒಂದು ಪಾಠದ ಪೆಟ್ಟಿಗೆಯನ್ನು ಕಟ್ಟಿದರು. ಆ ಪೆಟ್ಟಿಗೆ ಎಲ್ಲರನ್ನೂ ಒಂದೇ ದಾರಿಯಲ್ಲಿ ನಡೆಸುತ್ತಿತ್ತು. ವೇಗ ಮಾತ್ರ ಅವರವರದು. ದಾರಿಯನ್ನೂ ಬದಲಿಸುವ ಶಕ್ತಿ ಗಣಕಯಂತ್ರ ಬಂದಮೇಲೆ ಕೂಡಿಬಂದಿತು. 2004ರಲ್ಲಿ ಸಲ್ಮಾನ್ ಖಾನ್ ಎಂಬವರು (ಸಿನಿಮಾದವರಲ್ಲ, ಅಮೆರಿಕದವರು) ದೂರದ ಊರಿನಲ್ಲಿದ್ದ ಸೋದರ ಸಂಬಂಧಿಯ ಹುಡುಗಿಗೆ ಫೋನಿನಲ್ಲಿ ಲೆಕ್ಕ ಹೇಳಿಕೊಡಲು ತೊಡಗಿದರು. ಅದೇ ಬೆಳೆದು ಇಂದು ಕನ್ನಡದಲ್ಲಿಯೂ ದೊರೆಯುವ ಖಾನ್ ಅಕಾಡೆಮಿಯಾಗಿದೆ. ತಂಗಿಯೊಬ್ಬಳಿಗೆ ಲೆಕ್ಕ ಬಾರದೆ ಹೋದುದರಿಂದ ಇಷ್ಟಾಯಿತೆಂದು ನನ್ನ ತಂಗಿಗೆ ಹೇಳಿದೆ. “ಅವಳಿಗೆ ಮೊಬೈಲು ಅವಳದ್ದೇ ಇತ್ತೇನೋ” ಎಂದಳು. ನಮ್ಮ ಮನೆಯ ಮೊಬೈಲು ಬೆಳಗ್ಗೆ ಅಪ್ಪನ ಜೊತೆ ಗದ್ದೆಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ.

ಈಗ ಯಂತ್ರದ ದೋಷಗಳನ್ನೂ ಹೇಳಬೇಕು. ನಲವತ್ತು ಮಕ್ಕಳನ್ನು ಎರಡು ಸರದಿ ಮಾಡಿದರೂ ಒಂದು ಯಂತ್ರಕ್ಕೆ ಇಬ್ಬರು ಮೂವರು. ಒಬ್ಬಳು ಉತ್ತರ ಹೇಳುವಳು, ಇನ್ನೊಬ್ಬಳು ಒತ್ತುವಳು. ಯಂತ್ರಕ್ಕೆ ಕಾಣುವುದು ಒಂದೇ ಹೆಸರು. ಚುರುಕಾದವಳು ಒತ್ತಿದಾಗ ಏರುತ್ತದೆ, ಹಿಂದುಳಿದವಳು ಒತ್ತಿದಾಗ ಇಳಿಯುತ್ತದೆ. ಕೊನೆಗೆ ಇಬ್ಬರಿಗೂ ಸಲ್ಲದ ಮೂರನೆಯ ಹುಡುಗಿಯೊಬ್ಬಳನ್ನು ತಾನೇ ಸೃಷ್ಟಿಸಿಕೊಂಡು ಅವಳಿಗೆ ಪಾಠ ಹೇಳುತ್ತಿರುತ್ತದೆ. ‘ಸುಳಿವು’ ಎಂಬ ಗುಂಡಿಯೊಂದಿದೆ. ಮೂರು ಸಲ ಒತ್ತಿದರೆ ಉತ್ತರವೇ ಹೊರಬೀಳುವುದೆಂಬ ಸಂಶೋಧನೆಯನ್ನು ಹುಡುಗರು ಎರಡನೆಯ ದಿನವೇ ಮಾಡಿದರು. ಗಣಿತ ಬಾರದೆಂದು ಅವರನ್ನು ದಡ್ಡರೆನ್ನುವವರು ಇದನ್ನು ನೋಡಬೇಕು!

ಭಾಷೆಯ ವಿಚಾರ ಇನ್ನೊಂದು. ಭಿನ್ನರಾಶಿಯ ಪಾಠಕ್ಕೆ ಬಂದಾಗ ಯಂತ್ರ ಪಿಜ್ಜಾದ ಚಿತ್ರ ತೋರಿಸಿ, ಎಂಟು ಹೋಳುಗಳಲ್ಲಿ ಮೂರನ್ನು ತಿಂದರೆ ಉಳಿದ ಭಾಗವೆಷ್ಟು ಎಂದು ಕೇಳಿತು. ಪಿಜ್ಜಾವನ್ನು ನಮ್ಮ ಮಕ್ಕಳು ಟಿ.ವಿ.ಯಲ್ಲಿ ನೋಡಿದ್ದಾರೆ, ಹೋಳು ಮಾಡಿ ತಿಂದವರಿಲ್ಲ. ಕಾಲು, ಅರೆ, ಮುಕ್ಕಾಲು ಎಂಬ ಹಳೆಯ ಮಗ್ಗಿಗಳ ಮಾತುಗಳು ಇನ್ನೂ ಬದುಕಿರುವ ಮನೆಗಳಿಂದ ಬಂದ ಮಕ್ಕಳಿಗೆ ‘ಅಂಶ’, ‘ಛೇದ’ಗಳು ಯಾರದೋ ಮನೆಯ ನೆಂಟರಂತೆ ಕಂಡುವು. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ‘ವ್ಯವಹಾರ ಗಣಿತ’ವನ್ನು ಕನ್ನಡದಲ್ಲಿ ಬರೆದನೆಂದು ನಾವು ಸಾಹಿತ್ಯ ಚರಿತ್ರೆಯಲ್ಲಿ ಬಾಯಿಪಾಠ ಮಾಡುತ್ತೇವೆ. ವ್ಯವಹಾರವೆಂಬ ಆ ಮಾತು ಯಂತ್ರಕ್ಕೆ ಪಾಠ ಬರೆಯುವವರ ಕಿವಿಗೂ ಬೀಳಬೇಕು. ಮುದ್ದೆಯನ್ನಾದರೂ ಹೋಳು ಮಾಡಬಹುದಿತ್ತು.

ಆದರೆ ಯಂತ್ರಕ್ಕೆ ಒಂದು ಗುಣವಿದೆ, ಅದನ್ನು ಮರೆಮಾಚಿದರೆ ಅನ್ಯಾಯವಾದೀತು. ಅದಕ್ಕೆ ಬೇಸರವಿಲ್ಲ. ನನ್ನ ತಂಗಿ ಒಂದೇ ಬಗೆಯ ಲೆಕ್ಕವನ್ನು ಹತ್ತೊಂಬತ್ತು ಸಲ ತಪ್ಪಿದಳು. ಇಪ್ಪತ್ತನೆಯದನ್ನೂ ಅದು ಮೊದಲನೆಯದರಂತೆಯೇ ಕೇಳಿತು. “ನಿಮ್ಮಣ್ಣನಿಗೂ ಬರುತ್ತಿರಲಿಲ್ಲ” ಎನ್ನಲಿಲ್ಲ. ಅಷ್ಟು ತಾಳ್ಮೆ ನನಗಿಲ್ಲವೆಂದು ಮನೆಯಲ್ಲಿ ಎಲ್ಲರೂ ಬಲ್ಲರು.

ಆದರೂ ಇಪ್ಪತ್ತನೆಯದು ಸರಿಬಂದುದು ಯಂತ್ರದಿಂದಲ್ಲ. ಹನ್ನೊಂದು ಮಕ್ಕಳು ಇದೇ ಕಳೆಯುವ ಲೆಕ್ಕದಲ್ಲಿ ನಿಂತುಹೋಗಿದ್ದಾರೆಂದು ಯಂತ್ರದ ಪಟ್ಟಿಯಲ್ಲಿ ನೋಡಿದ ಮೇಡಂ, ಪಕ್ಕದ ಪ್ರಾಥಮಿಕ ಶಾಲೆಗೆ ಹೋಗಿ ಅಲ್ಲಿದ್ದ ಗಣಿತದ ಪೆಟ್ಟಿಗೆಯನ್ನು ಕೇಳಿ ತಂದರು. ಅಕ್ಷರ ಫೌಂಡೇಷನ್ನಿನವರ ‘ಗಣಿತ ಕಲಿಕಾ ಆಂದೋಲನ’ದಲ್ಲಿ ನಾಲ್ಕು ಐದನೆಯ ತರಗತಿಗಳಿಗೆಂದು ಸರಕಾರಿ ಶಾಲೆಗಳಿಗೆ ಬಂದ ಪೆಟ್ಟಿಗೆ ಅದು. ಹನ್ನೊಂದು ಮಂದಿಯನ್ನೂ ಜಗಲಿಯ ಮೇಲೆ ಕೂರಿಸಿ, ಹತ್ತರ ಕಡ್ಡಿಯೊಂದನ್ನು ಕೊಟ್ಟು ಹತ್ತು ಬಿಡಿ ಬಿಲ್ಲೆಗಳನ್ನು ತೆಗೆದುಕೊಳ್ಳುವುದನ್ನು ಮಾಡಿಸಿದರು. “ಹತ್ತರ ನೋಟು ಮುರಿಸಿ ಚಿಲ್ಲರೆ ತಂದ ಹಾಗೆ ಕಣ್ರೋ” ಎಂದರು. ಅವ್ವನ ಸೆರಗಿನ ಗಂಟನ್ನು ದಿನವೂ ನೋಡಿದ ಹುಡುಗಿಗೆ ಆ ಒಂದು ಮಾತು ಸಾಕಾಯಿತು. ಒಳಗೆ ಓಡಿಹೋಗಿ ಯಂತ್ರದ ಮುಂದೆ ಕುಳಿತು 52ರಲ್ಲಿ 38 ಹೋದರೆ 14 ಎಂದು ಒತ್ತಿ, ತಿರುಗಿ ಮೇಡಮ್ಮನವರನ್ನು ನೋಡಿದಳು, ಪರದೆಯನ್ನು ನೋಡಲಿಲ್ಲ.

ಇನ್ನು ಮುಖ್ಯವಾದ ತೊಡಕು. ಆರು ತಿಂಗಳಲ್ಲಿ ತಂಗಿ ಮೂರನೆಯ ಹಂತದಿಂದ ಐದಕ್ಕೆ ಏರಿದ್ದಾಳೆ. ಶಾಲೆಯ ಕಿರುಪರೀಕ್ಷೆಯಲ್ಲಿ ಮೊದಲು ಇಪ್ಪತ್ತೈದಕ್ಕೆ ಏಳು ಬಂದಿತ್ತು, ಈಗ ಎಂಟು ಬಂದಿದೆ. ಅಪ್ಪ ಅಂಕಪಟ್ಟಿಯನ್ನು ಹಿಂದುಮುಂದು ತಿರುಗಿಸಿ, “ಎರಡು ದರ್ಜೆ ಮೇಲಕ್ಕೆ ಹೋದ್ಲು ಅಂತೀಯ, ಬಂದಿರೋದು ಒಂದು ಮಾರ್ಕ. ಇದ್ಯಾವ ಲೆಕ್ಕಲಾ?” ಎಂದರು. ಕಿರುಪರೀಕ್ಷೆ ಕೇಳುವುದು ಎಂಟನೆಯ ತರಗತಿಯದು. ಅವಳು ಕಲಿತುದು ನಾಲ್ಕು ಐದರದು. ಕೆಳಗಿನ ಮೆಟ್ಟಿಲುಗಳಲ್ಲಿ ಎಷ್ಟು ಹತ್ತಿದರೂ ಮೇಲಿನ ಕಿಟಕಿಯಿಂದ ನೋಡುವವರಿಗೆ ಕಾಣದು.

ಇದು ನಮ್ಮ ಊರಿನ ಅನುಭವ ಮಾತ್ರವಲ್ಲ. 2015ರಲ್ಲಿ ದೆಹಲಿಯಲ್ಲಿ ‘ಮೈಂಡ್‌ಸ್ಪಾರ್ಕ್’ ಎಂಬ ತಂತ್ರಾಂಶವನ್ನು ಕಾರ್ತಿಕ್ ಮುರಳೀಧರನ್, ಅಭಿಜಿತ್ ಸಿಂಗ್, ಅಲೆಹಾಂದ್ರೊ ಗಾನಿಮಿಯಾನ್ ಎಂಬ ಅರ್ಥಶಾಸ್ತ್ರಜ್ಞರು 619 ಮಕ್ಕಳಲ್ಲಿ ಪರೀಕ್ಷಿಸಿದರು. ವರದಿ 2019ರಲ್ಲಿ ಅಚ್ಚಾಯಿತು. ಆರನೆಯ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿ ಹಿಂದಿದ್ದರು. ದಿನಕ್ಕೆ ತೊಂಬತ್ತು ನಿಮಿಷ: ಅರ್ಧ ಯಂತ್ರದ ಮುಂದೆ, ಅರ್ಧ ಒಬ್ಬ ಬೋಧಕರ ಬಳಿ ಸಣ್ಣ ಗುಂಪಿನಲ್ಲಿ. ನಾಲ್ಕೂವರೆ ತಿಂಗಳಲ್ಲಿ ಅವರ ಕಲಿಕೆ ಇತರರಿಗಿಂತ ಬಹಳ ಮುಂದೆ ಹೋಯಿತು. ಆದರೆ ಶಾಲೆಯ ಗಣಿತದ ಪರೀಕ್ಷೆಯಲ್ಲಿ ಆ ಹೆಚ್ಚಳ ಹಾಗೆ ಕಾಣಿಸಲಿಲ್ಲ. ಶಾಲೆ ಅಳೆಯುತ್ತಿದ್ದ ಕೋಲೇ ಬೇರೆ. ಆ ಅರ್ಧ ಹೊತ್ತಿನ ಬೋಧಕರನ್ನು ನಾವು ಮರೆಯಬಾರದೆಂದು ನನಗನ್ನಿಸಿತು. ನಾಳೆ ಉಪಾಧ್ಯಾಯನಾಗಬಯಸುವವನಿಗೆ ಅದರಲ್ಲಿ ಸ್ವಲ್ಪ ಸ್ವಾರ್ಥವೂ ಇದ್ದೀತು. ನಮ್ಮ ರಾಜ್ಯದಲ್ಲಿಯೇ ‘ಗಣಿತ ಗಣಕ’ವೆಂದು ಮೂರರಿಂದ ಐದನೆಯ ತರಗತಿಯ ಮಕ್ಕಳಿಗೆ ಉಪಾಧ್ಯಾಯರು ಫೋನು ಮಾಡಿ, ಮಗುವಿನ ಮಟ್ಟವನ್ನು ತಿಳಿದು ಲೆಕ್ಕ ಹೇಳಿಕೊಡುವ ಕಾರ್ಯಕ್ರಮವಿದೆ. ಅಲ್ಲಿಯೂ ತಂತಿಯ ಆ ತುದಿಯಲ್ಲಿರುವುದು ಮನುಷ್ಯರ ದನಿಯೇ.

ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಅವರು ದೆಹಲಿಯ ಮಾತನ್ನು ಕೇಳಿಸಿಕೊಳ್ಳಲಿಲ್ಲ. “ಹತ್ತನೇ ಕ್ಲಾಸಿನ ಪರೀಕ್ಷೆ ಹೊತ್ಗೆ ಆಯ್ತದಾ, ಇಲ್ವಾ, ಅಷ್ಟು ಹೇಳು” ಎಂದರು. ಅವಳ ಎಸ್.ಎಸ್.ಎಲ್.ಸಿ. ಬರುವುದು 2028ರಲ್ಲಿ. ನಾನು ಬಾಯಿ ತೆರೆಯುವ ಮೊದಲೇ ತಂಗಿ ಒಲೆಯ ಬಳಿಯಿಂದ ಇದ್ದಿಲು ತಂದು ನೆಲದ ಮೇಲೆ ಬರೆದಳು: ಎರಡು ಹಂತಕ್ಕೆ ಆರು ತಿಂಗಳು, ಒಂದಕ್ಕೆ ಮೂರು, ಐದರಿಂದ ಹತ್ತಕ್ಕೆ ಇನ್ನೈದು.

“ಹದಿನೈದು ತಿಂಗಳು ಸಾಕು ಕಣಪ್ಪ. ಬ್ಯಾಸ್ಗೆ ರಜ ಕಳ್ದ್ರೂ ಟೈಮ್ ಮಿಗ್ತದೆ” ಎಂದಳು. ಮತ್ತೆ ಸ್ವಲ್ಪ ಯೋಚಿಸಿ, “ಕರೆಂಟು ಹೋಗೋದ್ನ ಕಳ್ದಿಲ್ಲ” ಎಂದು ಇದ್ದಿಲನ್ನು ಮತ್ತೆ ಕೈಗೆತ್ತಿಕೊಂಡಳು.