ಎಂಟು ದಿನ, ಏಳು ಹೆಸರು

ಲಂಡನ್ನಿನಲ್ಲಿ ಕಳೆದ ಹತ್ತು ದಿನಗಳ ವಿಷಯವಾಗಿ ಬರೆಯಬೇಕೆನಿಸುವಂಥದು ಏನೂ ಇಲ್ಲ. ಆದರೆ ಡಾರ್ಬಿಷೈರಿನ ಗುಡ್ಡಗಳ ನಡುವಣ ಈಮ್ ಎಂಬ ಗ್ರಾಮದ ಒಂದು ಅಪರಾಹ್ಣವನ್ನು ಕುರಿತು ಬರೆಯದೆ ಇರಲಾರೆ.

ನನ್ನ ಆತಿಥೇಯೆಯಾದ ವೃದ್ಧೆ ತಮ್ಮ ವಂಶದ ಮೂಲವನ್ನು ಅರಸುತ್ತಿದ್ದರು. ಮ್ಯಾಟ್‌ಲಾಕಿನ ದಾಖಲೆ ಕಚೇರಿಯಲ್ಲಿ ಎರಡು ದಿನ ಅವರ ಪಕ್ಕದಲ್ಲಿ ಕುಳಿತೆ. ಎಂಟನೆಯ ಹೆನ್ರಿಯ ಮಂತ್ರಿ ತಾಮಸ್ ಕ್ರಾಮ್‌ವೆಲ್ 1538ರಲ್ಲಿ ಹೊರಡಿಸಿದ ಆಜ್ಞೆಯಂತೆ ಪ್ರತಿಯೊಂದು ಪ್ಯಾರಿಷ್ಷಿನ ಪಾದ್ರಿಯೂ ದೀಕ್ಷಾಸ್ನಾನ, ವಿವಾಹ, ಶವಸಂಸ್ಕಾರಗಳನ್ನು ವಾರವಾರವೂ ಬರೆದಿಡಬೇಕಾಗಿದ್ದುದರಿಂದ, ಆ ದಾಖಲೆಗಳಲ್ಲಿ ಜಮೀನ್ದಾರನ ಹೆಸರಿನ ಕೆಳಗೇ ಕೂಲಿಯವನ ಹಸುಗೂಸಿನ ಹೆಸರೂ ನಿಂತಿರುತ್ತದೆ. ಇದಕ್ಕಿಂತ ದೊಡ್ಡ ಚರಿತ್ರೆಯನ್ನು ನಾನು ಯಾವ ಅರಮನೆಯಲ್ಲಿಯೂ ಕಾಣಲಿಲ್ಲ.

ಅಲ್ಲಿಂದ ಇಬ್ಬರೂ ಈಮ್‌ಗೆ ಹೋದೆವು. ಆ ಗ್ರಾಮಕ್ಕೆ ಪ್ಲೇಗು ಬಂದುದು 1665ರಲ್ಲಿ, ಲಂಡನ್ನಿನಿಂದ ದರ್ಜಿಯೊಬ್ಬನ ಮನೆಗೆ ಬಂದ ಬಟ್ಟೆಯ ಗಂಟಿನೊಡನೆ ಎಂದು ಹೇಳುತ್ತಾರೆ. ಮರುವರ್ಷ ಪಾದ್ರಿ ವಿಲಿಯಮ್ ಮಾಂಪೆಸನ್ನನೂ ಪದಚ್ಯುತನಾಗಿದ್ದ ಹಿಂದಿನ ಪಾದ್ರಿ ತಾಮಸ್ ಸ್ಟ್ಯಾನ್ಲಿಯೂ ಒಂದಾಗಿ ಹೇಳಿದ ಮಾತಿಗೆ ಒಪ್ಪಿ, ನೆರೆಯೂರುಗಳಿಗೆ ರೋಗ ಹರಡದಿರಲೆಂದು, ಜನ ಊರಿನ ಎಲ್ಲೆಯನ್ನು ದಾಟದೆ ಉಳಿದರು. ಸುಮಾರು 260 ಮಂದಿ ಸತ್ತರು. ಇಂದು ಸತ್ತವರ ಮನೆಗಳ ಮುಂದೆ ಅವರ ಹೆಸರಿನ ಫಲಕಗಳಿವೆ. ಅವನ್ನು ಓದದೆಯೇ ಪಕ್ಕದಲ್ಲಿ ನಿಂತು, ನಗುತ್ತ ಚಿತ್ರ ತೆಗೆಸಿಕೊಳ್ಳುವವರನ್ನು ಕಂಡು ನನಗೆ ಬಹಳ ನೋವಾಯಿತು.

ಊರಾಚೆಯ ಇಳಿಜಾರಿನಲ್ಲಿ, ವರ್ತುಲಾಕಾರದ ಒಂದು ಕಲ್ಲುಗೋಡೆಯೊಳಗೆ ಹ್ಯಾಂಕಾಕ್ ಕುಟುಂಬದ ಸಮಾಧಿಗಳಿವೆ. ಹಾವಸೆಗಟ್ಟಿದ ಅಕ್ಷರಗಳ ಮೇಲೆ ಬೆರಳಾಡಿಸಿ ಓದಿದೆ: ಜಾನ್, ಎಲಿಜಬೆತ್, ತಂದೆ ಜಾನ್, ವಿಲಿಯಮ್, ಓನರ್, ಆಲಿಸ್, ಆನ್. 1666ರ ಆಗಸ್ಟ್ 3ರಿಂದ 10ರವರೆಗೆ, ಎಂಟೇ ದಿನ. ತಾಯಿಯೇ ಒಬ್ಬೊಬ್ಬರನ್ನೂ ಎಳೆತಂದು ಗುಂಡಿ ತೋಡಿ ಹೂಳಿದಳೆಂದು ಊರಿನವರ ಹೇಳಿಕೆ.

“ಅವಳ ಹೆಸರು ಇಲ್ಲಿಲ್ಲ ನೋಡಿ, ಅವಳು ಬದುಕಿಕೊಂಡಳು,” ಎಂದರು ವೃದ್ಧೆ.

ನಮ್ಮ ಕಡೆ ಪ್ಲೇಗು ಬಂದಾಗ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರು. ನಮ್ಮ ಮುತ್ತಜ್ಜಿಯ ಇಬ್ಬರು ಅಣ್ಣಂದಿರು ಅಂಥ ಗುಡಿಸಲಿನಲ್ಲಿಯೇ ತೀರಿಕೊಂಡರೆಂದು ಮನೆಯಲ್ಲಿ ಕೇಳಿದ್ದೇನೆ. ಅವರ ಹೆಸರು ಬಲ್ಲವರು ಈಗ ಯಾರೂ ಉಳಿದಿಲ್ಲ. ಕೇಳಬಹುದಾಗಿದ್ದ ಕಾಲದಲ್ಲಿ ನಾನು ಕೇಳಲಿಲ್ಲ.

ಮನೆಯಲ್ಲಿ ಹಿರಿಯರಿರುವ ಓದುಗರಲ್ಲಿ ನನ್ನ ಬಿನ್ನಹವಿಷ್ಟೆ: ಅವರ ಹೆತ್ತವರ, ಒಡಹುಟ್ಟಿದವರ, ಎಳವೆಯಲ್ಲಿಯೇ ತೀರಿಕೊಂಡ ಮಕ್ಕಳ ಹೆಸರುಗಳನ್ನು ಈ ವಾರದಲ್ಲಿಯೇ ಕೇಳಿ ಬರೆದಿಡಿ.